ಮುಳುಗಿದ ಬೆಳ್ಳಿ ಮತ್ತು ನಾಯಕನ ಹೊಣೆ

(ಶಾಲೆಯ ಶತಮಾನೋತ್ಸವ ಉಪನ್ಯಾಸಮಾಲೆಯಲ್ಲಿ ಮುಖ್ಯಾಧ್ಯಾಪಕಿಯವರು ನೀಡಿದ ಉಪನ್ಯಾಸದ ಬರಹರೂಪ)



ಈ ಉಪನ್ಯಾಸಮಾಲೆಯಲ್ಲಿ ನನಗಿಂತ ಮೊದಲು ಮಾತನಾಡಿದ ಹಿರಿಯರು ಶರಣ ಸಾಹಿತ್ಯ, ಗಡಿನಾಡಿನ ಕನ್ನಡ, ನಮ್ಮ ನೇಕಾರರ ಬದುಕು ಮುಂತಾದ ವಿಷಯಗಳನ್ನು ಆರಿಸಿಕೊಂಡಿದ್ದರು. ನಾನು ಸ್ಪೇನ್ ದೇಶದ ನಿಧಿ ಹಡಗುಗಳ ಬಗ್ಗೆ ಮಾತನಾಡುತ್ತೇನೆಂದಾಗ ಸಮಿತಿಯವರು ಒಮ್ಮೆ ಮುಖ ಮುಖ ನೋಡಿಕೊಂಡರು. ಸಮುದ್ರವನ್ನು ಕಾಣಬೇಕಾದರೆ ನಾವು ಒಂದು ರಾತ್ರಿಯ ಪ್ರಯಾಣ ಮಾಡಬೇಕು. ಈ ಬಯಲುಸೀಮೆಯ ಶಾಲೆಗೂ ಹಡಗುಗಳಿಗೂ ಏನು ಸಂಬಂಧ ಎಂಬುದು ಅವರ ಸಹಜವಾದ ಪ್ರಶ್ನೆ. ಸಂಬಂಧವಿದೆ; ಅದನ್ನು ನನಗೆ ತೋರಿಸಿಕೊಟ್ಟವನು ನಮ್ಮ ಒಂಬತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿ.

ಕೊಲಂಬಿಯಾ ದೇಶದ ಕರಾವಳಿಯಲ್ಲಿ ಮುಳುಗಿರುವ ‘ಸಾನ್ ಹೊಸೆ’ ಎಂಬ ಹಡಗಿನ ನಿಧಿಯ ಬಗ್ಗೆ ಅವನು ಪತ್ರಿಕೆಯಲ್ಲಿ ಓದಿದ್ದ. ಇತಿಹಾಸದ ತಾಸಿನಲ್ಲಿ ಎದ್ದು ನಿಂತ. ನಿಧಿಯ ಬೆಲೆ ಎಷ್ಟು ಎಂದು ಕೇಳುತ್ತಾನೆಂದುಕೊಂಡೆ. ಅವನು ಕೇಳಿದ್ದು ಬೇರೆ: “ಬಾಯಿ, ಹಡಗ ಮುಳುಗತದಂತ ಆ ನಾಯಕಗ ಮೊದಲ ಗೊತ್ತಿರಲಿಲ್ಲೇನ್ರಿ?” ಅಂದು ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತ ಓದಿದ್ದನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಸಂಬಂಧದ ಮಾತು. ಸೋಲಾಪುರದ ಹೆಸರು ಹೇಳಿದೊಡನೆ ಪರಊರಿನವರಿಗೆ ನೆನಪಾಗುವುದು ಚಾದರ. ಅದರ ಬೆನ್ನಿಗೇ ಶೇಂಗಾ ಚಟ್ನಿ. ನಮ್ಮ ಕಟಕ ರೊಟ್ಟಿಯ ಜೋಳ ಇಲ್ಲಿಯ ಮಣ್ಣಿನ ಹಳೆಯ ಬೆಳೆ. ಆದರೆ ಆ ಚಟ್ನಿಯ ಶೇಂಗಾ ಮತ್ತು ಕೆಂಪು ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಲ್ಲಿ ಹುಟ್ಟಿದ ಬೆಳೆಗಳು. 1492ರಲ್ಲಿ ಕೊಲಂಬಸ್ ಅಟ್ಲಾಂಟಿಕ್ ದಾಟುವ ಮೊದಲು ನಮ್ಮ ಯಾವ ಅಜ್ಜಿಯೂ ಕೆಂಪು ಖಾರ ಕುಟ್ಟಿರಲಿಲ್ಲ. ಖಾರಕ್ಕೆ ಕರಿಮೆಣಸೇ ಗತಿಯಾಗಿತ್ತು. ಮೆಣಸಿನಕಾಯಿ ಪೋರ್ಚುಗೀಜರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದು, ಘಟ್ಟ ಹತ್ತಿ ನಮ್ಮ ಒರಳಿಗೆ ಬಿತ್ತು. ಬೆಳ್ಳಿಯೂ ಹಾಗೆಯೇ. ಅಮೆರಿಕದ ಗಣಿಗಳ ಬೆಳ್ಳಿಯಿಂದ ಸ್ಪೇನ್ ಅಚ್ಚು ಹಾಕಿಸಿದ ‘ಎಂಟು ರಿಯಾಲ್’ ನಾಣ್ಯಗಳನ್ನು ಡಚ್ಚರೂ ಇಂಗ್ಲಿಷರೂ ಪೆಟ್ಟಿಗೆಗಟ್ಟಲೆ ಸೂರತ್ತಿಗೆ ತಂದು ನಮ್ಮ ಬಟ್ಟೆ, ನೀಲಿ, ಮಸಾಲೆಗಳನ್ನು ಕೊಂಡರು. ಟಂಕಸಾಲೆಗಳಲ್ಲಿ ಅವು ಕರಗಿ ರೂಪಾಯಿಗಳಾದವು. 1580ರಿಂದ 1640ರವರೆಗೆ ಸ್ಪೇನ್ ಮತ್ತು ಪೋರ್ಚುಗಲ್‌ಗಳಿಗೆ ಒಬ್ಬನೇ ಅರಸ. ನಮ್ಮ ಸೋಲಾಪುರದ ಕೋಟೆಗಾಗಿ ವಿಜಾಪುರ ಮತ್ತು ಅಹಮದನಗರದ ಸುಲ್ತಾನರು ಸೆಣಸುತ್ತಿದ್ದ ಆ ದಿನಗಳಲ್ಲಿ, ಗೋವೆಯನ್ನು ಆಳುತ್ತಿದ್ದ ದೊರೆಯೇ ಆ ನಿಧಿ ಹಡಗುಗಳ ಒಡೆಯನೂ ಆಗಿದ್ದ.

ಗೋವೆಯ ಮಾತು ಬಂದದ್ದರಿಂದ ನಮಗೆ ಹತ್ತಿರದ ಒಂದು ಕಥೆಯಿಂದಲೇ ಆರಂಭಿಸುತ್ತೇನೆ. ಇದು ಪೋರ್ಚುಗೀಜರದು. 1510ರಲ್ಲಿ ಅಫೊನ್ಸೊ ದೆ ಅಲ್ಬುಕರ್ಕ್ ವಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಿತ್ತುಕೊಂಡ. ಕೆಲವೇ ತಿಂಗಳಲ್ಲಿ ಕಳೆದುಕೊಂಡು, ಅದೇ ವರ್ಷದ ನವೆಂಬರಿನಲ್ಲಿ ಮತ್ತೆ ಗೆದ್ದ. ಅರಬ್ಬೀ ಕುದುರೆಗಳು ದಕ್ಷಿಣಕ್ಕೆ ಇಳಿಯುತ್ತಿದ್ದ ಬಂದರು ಹೀಗೆ ಅವನ ವಶವಾಯಿತು. ಮರುವರ್ಷ ಅವನು ಮಲಾಕ್ಕಾವನ್ನು ಸೂರೆಮಾಡಿ, ಅಲ್ಲಿಯ ಸಂಪತ್ತನ್ನು ‘ಫ್ಲೋರ್ ದೊ ಮಾರ್’ ಎಂಬ ಹಡಗಿನಲ್ಲಿ ತುಂಬಿಸಿದ. ‘ಕಡಲ ಹೂವು’ ಎಂಬುದು ಆ ಹೆಸರಿನ ಅರ್ಥ. 1502ರಲ್ಲಿ ಲಿಸ್ಬನ್ನಿನಲ್ಲಿ ಕಟ್ಟಿದ ಆ ಹಡಗು ಅಷ್ಟು ಹೊತ್ತಿಗೆ ಹಣ್ಣಾಗಿತ್ತು. ತಳದಲ್ಲಿ ನೀರು ಜಿನುಗುತ್ತಿತ್ತು. ಅದು ನಂಬತಕ್ಕ ಹಡಗಲ್ಲವೆಂದು ನಾವಿಕರಿಗೆ ಗೊತ್ತಿತ್ತು. ಆದರೂ ದೊಡ್ಡ ಹಡಗು, ಹೆಚ್ಚು ಸರಕು ಹಿಡಿಯುತ್ತದೆ ಎಂಬ ಲೆಕ್ಕ ಗೆದ್ದಿತು. 1511ರ ನವೆಂಬರ್ ತಿಂಗಳ ಒಂದು ರಾತ್ರಿ ಬಿರುಗಾಳಿಗೆ ಸಿಕ್ಕು, ಸುಮಾತ್ರಾ ದಂಡೆಯ ಬಳಿ ಅದು ಒಡೆದುಹೋಯಿತು. ಅಲ್ಬುಕರ್ಕ್ ಮರದ ತುಂಡುಗಳಿಂದ ಕಟ್ಟಿದ ತೆಪ್ಪದ ಮೇಲೆ ಬದುಕಿ ಉಳಿದ. ಅನೇಕರು ಉಳಿಯಲಿಲ್ಲ. ಆ ನಿಧಿ ಇಂದಿಗೂ ಕೈಗೆ ಸಿಕ್ಕಿಲ್ಲ.

ಮಕ್ಕಳೇ, ಇಲ್ಲಿಯೇ ನಮ್ಮ ಹುಡುಗನ ಪ್ರಶ್ನೆಗೆ ಮೊದಲ ಉತ್ತರ ದೊರೆಯುತ್ತದೆ. ನಾಯಕನಿಗೆ ಗೊತ್ತಿತ್ತು.

ಇನ್ನು ಸ್ಪೇನಿನ ಹಡಗುಗಳಿಗೆ ಬರೋಣ. 1545ರಲ್ಲಿ ಇಂದಿನ ಬೊಲಿವಿಯಾದ ಪೊತೋಸಿ ಎಂಬಲ್ಲಿ ಬೆಳ್ಳಿಯ ಬೆಟ್ಟವೇ ಸಿಕ್ಕಿತು. ಮರುವರ್ಷ ಮೆಕ್ಸಿಕೊದ ಸಕಾತೆಕಾಸ್‌ನಲ್ಲಿ ಇನ್ನೊಂದು ಗಣಿ ದೊರೆಯಿತು. ಪೊತೋಸಿಯ ಸುತ್ತಲಿನ ಊರುಗಳ ಮೂಲನಿವಾಸಿಗಳು ಸರದಿಯ ಪ್ರಕಾರ ಗಣಿಗೆ ಬಂದು ದುಡಿಯಲೇಬೇಕೆಂಬ ‘ಮಿತಾ’ ಪದ್ಧತಿಯನ್ನು 1570ರ ದಶಕದಲ್ಲಿ ವೈಸರಾಯ್ ತೊಲೇದೊ ಬಿಗಿಗೊಳಿಸಿದ. ನಮ್ಮ ಹಿರಿಯರು ಕಂಡ ಬಿಟ್ಟಿ ಬೇಗಾರಿಯನ್ನು ನೆನೆದರೆ ಅದರ ಸ್ವರೂಪ ತಿಳಿಯುತ್ತದೆ. ಅಲ್ಲಿಯ ಬೆಳ್ಳಿ ಲಾಮಾಗಳ ಬೆನ್ನೇರಿ ಬೆಟ್ಟ ಇಳಿದು, ಹಡಗಿನಲ್ಲಿ ಪನಾಮಾಕ್ಕೆ ಹೋಗಿ, ಹೇಸರಗತ್ತೆಗಳ ಮೇಲೆ ಭೂಸಂಧಿಯನ್ನು ದಾಟಿ ಪೋರ್ತೊಬೆಲೊ ಬಂದರನ್ನು ಸೇರುತ್ತಿತ್ತು. ಮೆಕ್ಸಿಕೊದ ಬೆಳ್ಳಿ ವೆರಾಕ್ರೂಸ್ ಬಂದರಿನಿಂದ ಹೊರಡುತ್ತಿತ್ತು. ಈ ಎರಡು ದಾರಿಯ ಹಡಗುಗಳೂ ಕ್ಯೂಬಾದ ಹವಾನಾಕ್ಕೆ ಬಂದು, ಅಲ್ಲಿಂದ ಫ್ಲೋರಿಡಾದ ಇಕ್ಕಟ್ಟಾದ ಜಲಮಾರ್ಗದ ಮೂಲಕ ಸ್ಪೇನಿನತ್ತ ಮುಖಮಾಡುತ್ತಿದ್ದವು.

ಕಡಲ್ಗಳ್ಳರ ಭಯದಿಂದ 1560ರ ದಶಕದ ಹೊತ್ತಿಗೆ ಹಡಗುಗಳು ಗುಂಪುಗೂಡಿಯೇ ಸಾಗಬೇಕೆಂಬ ನಿಯಮ ಗಟ್ಟಿಯಾಯಿತು. ಮುಂದುಗಡೆ ಮಹಾದಂಡನಾಯಕನ ಹಡಗು ‘ಕಪಿತಾನಾ’. ಹಿಂದುಗಡೆ ಉಪದಂಡನಾಯಕನ ಹಡಗು ‘ಅಲ್ಮಿರಾಂತಾ’. ನಡುವೆ ವ್ಯಾಪಾರಿಗಳ ಹಡಗುಗಳು. ನಮ್ಮ ಪಾದಯಾತ್ರೆಗಳಲ್ಲಿ ಮುಂದೊಬ್ಬರು ಹಿಂದೊಬ್ಬರು ಹಿರಿಯರು ನಡೆದು, ಹೆಂಗಸರು ಮಕ್ಕಳನ್ನು ನಡುವೆ ಕರೆದೊಯ್ಯುವುದಿಲ್ಲವೇ, ಅದೇ ಕ್ರಮ. ಹಡಗೇರಿದ ಪ್ರತಿಯೊಂದು ಬೆಳ್ಳಿಯ ಗಟ್ಟಿಗೂ ಅಂಕಿ, ತೂಕ, ಒಡೆಯನ ಗುರುತು. ಅರಸನ ಪಾಲಾದ ಐದನೆಯ ಒಂದು ಭಾಗವನ್ನು ಕೊಟ್ಟದ್ದಕ್ಕೆ ಮುದ್ರೆ. ಎಲ್ಲವೂ ದಫ್ತರದಲ್ಲಿ ದಾಖಲು. ಅಂಥ ಕಟ್ಟುನಿಟ್ಟಿನ ವ್ಯವಸ್ಥೆಯಲ್ಲಿ ಒಂದೇ ಒಂದು ಸಂಗತಿ ಮನುಷ್ಯನ ಹಿಡಿತದಲ್ಲಿರಲಿಲ್ಲ: ಕೆರಿಬಿಯನ್ ಸಮುದ್ರದ ಚಂಡಮಾರುತ. ಅದರ ಕಾಲ ಯಾವುದೆಂಬುದು ಮಾತ್ರ ಎಲ್ಲರಿಗೂ ತಿಳಿದಿತ್ತು. ಮಳೆಗಾಲ ಬಲಿಯುವ ಮೊದಲೇ ಹವಾನಾ ಬಿಡಬೇಕು. ಇದು ನಾವಿಕರ ಮೊದಲ ಪಾಠ.

1622ರಲ್ಲಿ ಆ ಪಾಠ ತಪ್ಪಿತು. ಆ ವರ್ಷದ ನೌಕಾತಂಡದ ಮಹಾದಂಡನಾಯಕ ಕದೆರೇತಾದ ಮಾರ್ಕ್ವಿಸ್ ಲೋಪೆ ದಿಯೆಸ್ ದೆ ಅರ್ಮೆಂದಾರಿಸ್. ಬಂದರಿನಿಂದ ಬಂದರಿಗೆ ತಡವಾಗುತ್ತ ಆಗಸ್ಟ್ ಕಳೆಯಿತು. ಸ್ಪೇನಿನಲ್ಲಿ ಯುದ್ಧದ ಖರ್ಚು, ಸಾಲಗಾರರ ಕಾಟ; ಅರಸನ ಕಣ್ಣು ಬೆಳ್ಳಿಯ ದಾರಿಯನ್ನೇ ಕಾಯುತ್ತಿತ್ತು. ಅಮಾವಾಸ್ಯೆಯ ಹೊತ್ತಿಗೆ ಹವೆ ತಿಳಿಯಾಗಿದ್ದರೆ ಮುಂದೆ ಕೆಲವು ದಿನ ತಿಳಿಯಾಗಿಯೇ ಇರುತ್ತದೆಂಬುದು ಅಂದಿನ ನಾವಿಕರ ನಂಬಿಕೆ. ಸೆಪ್ಟೆಂಬರ್ 4ರಂದು ಆಕಾಶ ನಿರ್ಮಲವಾಗಿತ್ತು. 28 ಹಡಗುಗಳು ಹೊರಟವು. ಮರುದಿನವೇ ಗಾಳಿ ಎದ್ದಿತು; ರಾತ್ರಿ ಅದು ಚಂಡಮಾರುತವಾಯಿತು. ಎಂಟು ಹಡಗುಗಳು ನಾಶವಾದವು. ಐನೂರಕ್ಕಿಂತ ಹೆಚ್ಚು ಜನ ಸತ್ತರು.

ಅವುಗಳಲ್ಲಿ ಹಿಂಗಾವಲಿನ ಹಡಗು ‘ನ್ಯೂಎಸ್ತ್ರಾ ಸೆನ್ಯೋರಾ ದೆ ಅತೋಚಾ’ ಒಂದು. 20 ಕಂಚಿನ ಫಿರಂಗಿಗಳಿದ್ದ ಅದೇ ಎಲ್ಲಕ್ಕಿಂತ ಸುರಕ್ಷಿತವೆಂದು ಸಿರಿವಂತ ಪ್ರಯಾಣಿಕರು ಅದನ್ನೇ ಏರಿದ್ದರು. ಸಾವಿರದಷ್ಟು ಬೆಳ್ಳಿಯ ಗಟ್ಟಿಗಳು, ಚಿನ್ನ, ತಾಮ್ರ, 350 ಪೆಟ್ಟಿಗೆ ನೀಲಿ, 525 ಮೂಟೆ ಹೊಗೆಸೊಪ್ಪು ಅದರ ಹೊಟ್ಟೆಯಲ್ಲಿದ್ದವು. ಹಡಗಿನಲ್ಲಿದ್ದ 265 ಜನರಲ್ಲಿ 260 ಜನ ಮುಳುಗಿದರು. ಹಿಂಬದಿಯ ಪಟಸ್ತಂಭಕ್ಕೆ ಜೋತುಬಿದ್ದಿದ್ದ ಐವರು ಮಾತ್ರ ಬದುಕಿದರು: ಮೂವರು ನಾವಿಕರು, ಇಬ್ಬರು ಗುಲಾಮರು.

ಮಾರ್ಕ್ವಿಸನ ಹಡಗು ಉಳಿಯಿತು. ಮುಳುಗಿದ ಸಂಪತ್ತನ್ನು ಎತ್ತಿಸಲು ಅವನು ಅಲ್ಲಿಯ ಪುಟ್ಟ ದ್ವೀಪಗಳಲ್ಲಿ ಬಿಡಾರ ಹೂಡಿದ. ಆದರೆ ಅಕ್ಟೋಬರಿನಲ್ಲಿ ಬಂದ ಇನ್ನೊಂದು ಬಿರುಗಾಳಿ ಅತೋಚಾದ ಅವಶೇಷಗಳನ್ನು ಚದುರಿಸಿಬಿಟ್ಟಿತ್ತು. ಜೊತೆಗೆ ಮುಳುಗಿದ್ದ ‘ಸಾಂತಾ ಮಾರ್ಗರೀತಾ’ ಹಡಗು ಸಿಕ್ಕದ್ದು 1626ರಲ್ಲಿ. ಕಂಚಿನ ಗಂಟೆಯಾಕಾರದ ಪಾತ್ರೆಯಲ್ಲಿ ಗಾಳಿ ಹಿಡಿದಿಟ್ಟು ಮುಳುಗುವ ಉಪಾಯದಿಂದ ಅದನ್ನು ಹುಡುಕಿಸಿದ ಗುತ್ತಿಗೆದಾರ ನೂನ್ಯೆಸ್ ಮೆಲಿಯಾನ್ ಮುಂದೆ ವೆನೆಜುವೆಲಾದ ಗವರ್ನರನಾದ. ನೀರಿಗಿಳಿದು ನಿಜವಾಗಿ ಹಡಗನ್ನು ಕಂಡವನು ಹುವಾನ್ ಬಾನ್ಯೋನ್ ಎಂಬ ಗುಲಾಮ. ದೊಡ್ಡ ಇತಿಹಾಸದ ಪುಸ್ತಕಗಳಲ್ಲಿ ಅವನಿಗೆ ದೊರೆತದ್ದು ಒಂದೇ ಸಾಲು.

ಇಲ್ಲಿ ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸಂಗತಿಯಿದೆ. ಇಪ್ಪತ್ತನೆಯ ಶತಮಾನದಲ್ಲಿ ಮೆಲ್ ಫಿಶರ್ ಎಂಬ ಅಮೆರಿಕದ ಅನ್ವೇಷಕ ಅತೋಚಾಕ್ಕಾಗಿ ಹದಿನಾರು ವರ್ಷ ಕಡಲನ್ನು ಜಾಲಾಡಿದ. ಮೊದಲು ಹುಡುಕಿದ ಜಾಗವೇ ತಪ್ಪಾಗಿತ್ತು. ಅದನ್ನು ತಿದ್ದಿದವರು ಮುಳುಗುಗಾರರಲ್ಲ, ಒಬ್ಬ ಇತಿಹಾಸಕಾರ. ಯೂಜೀನ್ ಲಯನ್ ಎಂಬ ವಿದ್ವಾಂಸರು ಸೆವಿಲ್ ನಗರದ ಪತ್ರಾಗಾರದಲ್ಲಿ ಹುಳು ತಿಂದ ಹಳೆಯ ಕಾಗದಗಳನ್ನು ಓದುತ್ತ, ಹಡಗು ಮುಳುಗಿದ್ದು ‘ಮಾರ್ಕ್ವಿಸನ ದ್ವೀಪಗಳ’ ಬಳಿ ಎಂಬ ಉಲ್ಲೇಖವನ್ನು ಕಂಡರು. ನಾಯಕ ಬಿಡಾರ ಹೂಡಿದ್ದರಿಂದಲೇ ಆ ದ್ವೀಪಗಳಿಗೆ ಆ ಹೆಸರು ಬಂದಿತ್ತು. ಹುಡುಕಾಟ ನೂರು ಮೈಲಿಯಷ್ಟು ಪಶ್ಚಿಮಕ್ಕೆ ಸರಿಯಿತು. 1975ರಲ್ಲಿ ಫಿಶರನ ಮಗ ಮತ್ತು ಸೊಸೆ, ಜೊತೆಗೆ ಇನ್ನೊಬ್ಬ ಮುಳುಗುಗಾರ, ಹುಡುಕಾಟದ ದೋಣಿ ಮಗುಚಿ ತೀರಿಕೊಂಡರು. 1985ರ ಜುಲೈ 20ರಂದು ಬೆಳ್ಳಿಯ ರಾಶಿ ಸಿಕ್ಕಿತು. ಗಟ್ಟಿಗಳ ಮೇಲಿನ ಅಂಕಿಗಳನ್ನು 1622ರ ಸರಕುಪಟ್ಟಿಯೊಂದಿಗೆ ಹೋಲಿಸಿ ನೋಡಿದರು; ಎರಡೂ ಹೊಂದಿಕೊಂಡವು. ನಮ್ಮ ಮನೆಗಳ ಅಟ್ಟದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಮೋಡಿ ಲಿಪಿಯ ಕಾಗದಗಳನ್ನು ರದ್ದಿಗೆ ಹಾಕುವ ಮೊದಲು ದಯವಿಟ್ಟು ಈ ಮಾತನ್ನು ನೆನೆಯಿರಿ.

ಈಗ ನಾಯಕರ ಕಡೆಗೆ ತಿರುಗೋಣ. ಅಷ್ಟು ಜನರನ್ನು ಕಳೆದುಕೊಂಡ ಮಾರ್ಕ್ವಿಸನಿಗೆ ಏನಾಯಿತು? 1635ರಲ್ಲಿ ಅವನು ಮೆಕ್ಸಿಕೊದ ವೈಸರಾಯ್ ಆದ. ಅದಕ್ಕೆ ಒಂದು ವರ್ಷ ಮೊದಲು, 1634ರಲ್ಲಿ, ಸೆವಿಲ್‌ನ ಚೌಕದಲ್ಲಿ ಇನ್ನೊಬ್ಬ ದಂಡನಾಯಕನ ತಲೆ ಕಡಿಯಲಾಯಿತು. ಅವನ ಹೆಸರು ಹುವಾನ್ ದೆ ಬೆನಾವಿದೆಸ್. 1628ರಲ್ಲಿ ಡಚ್ಚರ ಪೀಟ್ ಹೈನ್ ಅವನ ನೌಕಾತಂಡವನ್ನು ಕ್ಯೂಬಾದ ಮತಾಂಸಾಸ್ ಕೊಲ್ಲಿಗೆ ಅಟ್ಟಿದ. ಹಡಗುಗಳು ಕೆಸರಿನಲ್ಲಿ ಹೂತವು. ಬೆನಾವಿದೆಸ್ ಹೋರಾಡದೆ ದಡ ಸೇರಿದ. ಬೆಳ್ಳಿಯೆಲ್ಲ ಡಚ್ಚರ ಪಾಲಾಯಿತು. ಅವನು ಕರ್ತವ್ಯ ಬಿಟ್ಟದ್ದು ನಿಜ, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ತಕ್ಕಡಿಯನ್ನು ನೋಡಿರಿ. ಜನರನ್ನು ಮುಳುಗಿಸಿದವನಿಗೆ ಬಡ್ತಿ. ಬೆಳ್ಳಿಯನ್ನು ಬಿಟ್ಟುಕೊಟ್ಟವನಿಗೆ ಕತ್ತಿ. ಈ ತೀರ್ಪು ಮುಂದಿನ ನಾಯಕರ ಕಿವಿಯಲ್ಲಿ ಏನೆಂದು ಹೇಳಿತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

1708ರಲ್ಲಿ ‘ಸಾನ್ ಹೊಸೆ’ಯ ನಾಯಕ, ಕಾಸಾ ಅಲೆಗ್ರೆಯ ಕೌಂಟ್ ಹೊಸೆ ಫರ್ನಾಂದೆಸ್ ದೆ ಸಾಂತಿಯಾನ್, ಪೋರ್ತೊಬೆಲೊದಲ್ಲಿದ್ದಾಗಲೇ ಇಂಗ್ಲಿಷ್ ಹಡಗುಗಳು ಹೊಂಚುಹಾಕಿವೆ ಎಂಬ ಸುದ್ದಿ ಬಂದಿತ್ತು. ಕಾಯಬಹುದಿತ್ತು. ಆದರೆ ಕಾಯುತ್ತ ಕುಳಿತರೆ ಚಂಡಮಾರುತದ ಕಾಲ ಬರುತ್ತದೆ. ಅತ್ತ ಅರಸನಿಗೆ ಯುದ್ಧಕ್ಕೆ ಹಣ ಬೇಕು. ಅವನು ಹೊರಟ. ಜೂನ್ 8ರಂದು ಕಾರ್ತಹೇನಾದ ಸಮೀಪ ಚಾರ್ಲ್ಸ್ ವೇಜರನ ಹಡಗುಗಳೊಂದಿಗೆ ಕಾಳಗ ನಡೆಯಿತು. ಸಾನ್ ಹೊಸೆ ಸ್ಫೋಟಗೊಂಡು ಮುಳುಗಿತು. ಸುಮಾರು 600 ಜನರಲ್ಲಿ ಬದುಕಿದವರು ಬೆರಳೆಣಿಕೆಯಷ್ಟು, ನಾಯಕ ಅವರಲ್ಲಿರಲಿಲ್ಲ. 2015ರಲ್ಲಿ ಆ ಹಡಗು ಸಿಕ್ಕಿದೆಯೆಂದು ಕೊಲಂಬಿಯಾ ಸರಕಾರ ಪ್ರಕಟಿಸಿತು. ಅಂದಿನಿಂದ ಅದು ತಮ್ಮದೆಂದು ಕೊಲಂಬಿಯಾ, ಸ್ಪೇನ್ ಹಾಗೂ ಅಮೆರಿಕದ ಒಂದು ಕಂಪನಿ ವಾದಿಸುತ್ತಿವೆ. ಬೊಲಿವಿಯಾದ ಕಾರಾ ಕಾರಾ ಎಂಬ ಮೂಲನಿವಾಸಿ ಜನರೂ ಹಕ್ಕು ಕೇಳಿದ್ದಾರೆ. ಆ ಬೆಳ್ಳಿಯನ್ನು ಅಗೆದವರು ತಮ್ಮ ಪೂರ್ವಜರು ಎಂಬುದು ಅವರ ಮಾತು. ನನಗೆ ಆ ವಾದದ ತೂಕ ಕಡಿಮೆಯೆನಿಸುವುದಿಲ್ಲ.

1715ರದು ಇನ್ನೂ ದೊಡ್ಡ ದುರಂತ. ಯುದ್ಧದಿಂದ ಬರಿದಾಗಿದ್ದ ಬೊಕ್ಕಸ. ಹೊಸದಾಗಿ ಮದುವೆಯಾಗಿದ್ದ ದೊರೆ ಐದನೆಯ ಫಿಲಿಪ್. ಮಹಾದಂಡನಾಯಕ ಹುವಾನ್ ಎಸ್ತೆಬಾನ್ ದೆ ಉಬಿಯಾ ವೆರಾಕ್ರೂಸಿನಲ್ಲಿಯೇ ಬಹುಕಾಲ ಸಿಲುಕಿಕೊಂಡಿದ್ದ. ಅರಮನೆಯಿಂದ ಬೇಗ ಬಾ ಎಂಬ ಒತ್ತಾಯ ಇದ್ದೇ ಇತ್ತು. ಹವಾನಾ ಬಿಟ್ಟದ್ದು ಜುಲೈ 24ರಂದು. ವಾರ ಕಳೆಯುವುದರೊಳಗೆ, ಜುಲೈ 31ರ ನಸುಕಿನಲ್ಲಿ, ಫ್ಲೋರಿಡಾದ ಪೂರ್ವ ದಂಡೆಗೆ ಅಪ್ಪಳಿಸಿ 11 ಹಡಗುಗಳು ನುಚ್ಚುನೂರಾದವು. ಜೊತೆಗಿದ್ದ ಫ್ರೆಂಚ್ ಹಡಗು ಒಂದು ಮಾತ್ರ ಪಾರಾಯಿತು. ಸಾವಿರದಷ್ಟು ಜನ ಸತ್ತರು. ಉಬಿಯಾ ಅವರಲ್ಲಿ ಒಬ್ಬ. ಬದುಕಿ ದಡ ಸೇರಿದವರು ಆ ನಿರ್ಜನ ಮರಳಿನಲ್ಲಿ ಹಸಿವು, ಗಾಯ, ರೋಗಗಳೊಂದಿಗೆ ಸೆಣಸಿದರು. ಅವರನ್ನು ಒಟ್ಟುಗೂಡಿಸಿ, ಬಿಡಾರ ಕಟ್ಟಿಸಿ, ಸಹಾಯ ಬೇಡಿ ದೋಣಿ ಕಳಿಸಿದವನು ಉಳಿದುಕೊಂಡ ಅಧಿಕಾರಿ ಫ್ರಾನ್ಸಿಸ್ಕೊ ಸಾಲ್ಮೊನ್.

ಎಲ್ಲ ನಾಯಕರ ಕಥೆ ಹೀಗೆಯೇ ಎಂದುಕೊಳ್ಳಬೇಡಿ. 1733ರಲ್ಲಿ ರೊದ್ರಿಗೊ ದೆ ತೊರೆಸ್ ಜುಲೈ 13ರಂದು ಹವಾನಾದಿಂದ ಹೊರಟ. ಮರುದಿನ ಫ್ಲೋರಿಡಾದ ದ್ವೀಪಗಳು ಕಾಣಿಸುವ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿತು. ಅನುಭವಿಯಾದ ಅವನಿಗೆ ಅದರ ಅರ್ಥ ತಿಳಿಯಿತು. ಹಡಗುಗಳೆಲ್ಲ ಹವಾನಾಕ್ಕೆ ಹಿಂದಿರುಗಬೇಕೆಂದು ಆಜ್ಞೆ ಮಾಡಿದ. ಅರಸನ ಬೆಳ್ಳಿ ಹೊತ್ತವನು ಹಿಂದಿರುಗುವುದು ಸಣ್ಣ ನಿರ್ಧಾರವಲ್ಲ. ಬೆನಾವಿದೆಸನ ಕತ್ತಿಯ ನೆನಪು ಯಾವ ನಾಯಕನಿಗೂ ಇರದೆ ಹೋಗಿರಲಾರದು. ಬಿರುಗಾಳಿ ಅವರನ್ನು ಹಿಂದಿರುಗಗೊಡಲಿಲ್ಲ. ಹೆಚ್ಚಿನ ಹಡಗುಗಳು ದ್ವೀಪಗಳ ಬಳಿಯ ಆಳವಿಲ್ಲದ ನೀರಿನಲ್ಲಿ ಸಿಕ್ಕಿಕೊಂಡವು. ಆದರೆ ಜನರಲ್ಲಿ ಬಹುಪಾಲು ಬದುಕಿದರು. ಸಂಪತ್ತನ್ನೂ ಎತ್ತಿ ತಂದರು. ಎಣಿಸಿ ನೋಡಿದಾಗ ಸರಕುಪಟ್ಟಿಯಲ್ಲಿ ಬರೆದದ್ದಕ್ಕಿಂತ ಹೆಚ್ಚು ಬೆಳ್ಳಿ ಸಿಕ್ಕಿತು! ಸುಂಕ ತಪ್ಪಿಸಲು ಪಟ್ಟಿಗೆ ಸೇರಿಸದೆ ತುಂಬಿದ ಕಳ್ಳಮಾಲು ಅದು. ಹಡಗುಗಳು ಬರಹದಲ್ಲಿ ತೋರಿದ್ದಕ್ಕಿಂತ ಹೆಚ್ಚು ಭಾರ ಹೊತ್ತಿದ್ದವು ಎಂಬುದು ಸಮುದ್ರವೇ ಬಯಲುಮಾಡಿದ ಸತ್ಯ.

ಮಹನೀಯರೇ, ಈ ಎಲ್ಲ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ತೋರುವುದಿಷ್ಟು. ಇವರಲ್ಲಿ ಯಾರೂ ಮೂರ್ಖರಲ್ಲ, ಹೇಡಿಗಳೆಂದು ಕರೆಯಬಹುದಾದವರೂ ಕಡಿಮೆ. ಕಡಲನ್ನು ಬಲ್ಲವರು. ಅವರ ಹಡಗುಗಳು ಮುಳುಗುವ ಕೆಲಸ ಬಿರುಗಾಳಿಗಿಂತ ಮೊದಲೇ, ಬಂದರಿನ ಕಟ್ಟೆಯ ಮೇಲೆ ಆರಂಭವಾಗಿತ್ತು. ಹಳೆಯ ಹಡಗಿಗೆ ಭಾರ ತುಂಬಿದಾಗ, ಕಾಲ ಮೀರಿದ ಮೇಲೂ ಹೊರಡೋಣ ಎಂದಾಗ, ದೂರದ ಅರಸನ ಅವಸರ ಹತ್ತಿರದ ನಾವಿಕನ ಎಚ್ಚರಿಕೆಗಿಂತ ದೊಡ್ಡದಾದಾಗ ಅದು ಆರಂಭವಾಯಿತು. ಅರಸ ಸಾವಿರಾರು ಮೈಲಿಯಾಚೆ ಇದ್ದ. ‘ಈಗ ಬೇಡ’ ಎನ್ನುವ ಅಧಿಕಾರ ಮತ್ತು ಹೊಣೆ ಆ ಕಟ್ಟೆಯ ಮೇಲೆ ನಿಂತವನದಾಗಿತ್ತು.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. ಅನೇಕ ವರ್ಷಗಳ ಹಿಂದೆ, ನಾನಿನ್ನೂ ಸಹಶಿಕ್ಷಕಿಯಾಗಿದ್ದಾಗ, ಮಕ್ಕಳನ್ನು ಕರೆದುಕೊಂಡು ವಿಜಾಪುರದ ಗೋಲಗುಮ್ಮಟ ನೋಡಲು ಹೋಗಿದ್ದೆವು. ಹಿಂದಿರುಗುವಾಗ ಸಂಜೆ ದೊಡ್ಡ ಮಳೆ ಹಿಡಿಯಿತು. ದಾರಿಯ ಒಂದು ಹಳ್ಳದಲ್ಲಿ ನೀರು ಸೇತುವೆಯ ಮೇಲೆ ಹರಿಯುತ್ತಿತ್ತು. ಆಗ ಕೈಯಲ್ಲಿ ಮೊಬೈಲ್ ಇರಲಿಲ್ಲ. ಎಂಟು ಗಂಟೆಗೆ ಮಕ್ಕಳನ್ನು ಮನೆಗೆ ಮುಟ್ಟಿಸುತ್ತೇನೆಂದು ಪಾಲಕರಿಗೆ ಮಾತು ಕೊಟ್ಟವಳು ನಾನು. ಇನ್ನೊಂದು ಗಾಡಿ ಆಗಲೇ ದಾಟಿಹೋಗಿದೆ, ನಾವೂ ಹೋಗೋಣ ಎಂದು ಡ್ರೈವರ್ ಕಾಕಾನಿಗೆ ಒತ್ತಾಯ ಮಾಡಿದೆ. ಅವರು ಬಸ್ಸಿನ ಇಂಜಿನ್ ಬಂದ್ ಮಾಡಿ ಕೆಳಗಿಳಿದರು. “ಬಾಯಿ, ನೀರಿನ ಮುಂದ ಹಟಾ ಬ್ಯಾಡ್ರಿ. ನಿಮ್ಮ ಮಾತು ಎಂಟು ತಾಸಿಂದು, ಈ ಹುಡುಗೂರಿಂದು ಜೀವಮಾನದ್ದು” ಎಂದರು.

ನನಗೆ ಸಿಟ್ಟು ಬಂದಿತ್ತು. ಆ ರಾತ್ರಿ ಹತ್ತಿರದ ಹಳ್ಳಿಯ ಗುಡಿಯ ಕಟ್ಟೆಯ ಮೇಲೆ ಮಕ್ಕಳನ್ನು ಮಲಗಿಸಿದೆವು. ಊರವರು ರೊಟ್ಟಿ, ಶೇಂಗಾ ಹಿಂಡಿ ತಂದುಕೊಟ್ಟರು. ಬೆಳಗಾದಾಗ ನೀರು ಇಳಿದಿತ್ತು. ಸೇತುವೆಯ ಒಂದು ಬದಿ ಕೊಚ್ಚಿಹೋಗಿತ್ತು. ಕತ್ತಲೆಯಲ್ಲಿ, ನೀರಿನಡಿಯಲ್ಲಿ, ಅದು ಯಾರಿಗೂ ಕಾಣುತ್ತಿರಲಿಲ್ಲ. ಊರು ಮುಟ್ಟಿದಾಗ ಪಾಲಕರು ಬಾಯಿಗೆ ಬಂದಂತೆ ಬೈದರು. ನಾನು ತಲೆ ತಗ್ಗಿಸಿ ಕೇಳಿಕೊಂಡೆ, ಯಾಕೆಂದರೆ ಬೈಯಲು ಅವರಿದ್ದರು, ಬೈಸಿಕೊಳ್ಳಲು ನಾನಿದ್ದೆ, ಮಕ್ಕಳೆಲ್ಲ ಅವರವರ ತಾಯಂದಿರ ಸೆರಗು ಹಿಡಿದು ನಿಂತಿದ್ದರು. ತೊರೆಸನ ಕಥೆ ಓದುವಾಗ ನನಗೆ ಆ ಕಾಕಾ ನೆನಪಾದರು. ಕಾಲವಾಗಿ ವರ್ಷಗಳಾದವು. ನಮ್ಮ ಶಾಲೆಯ ನೂರು ವರ್ಷದ ಲೆಕ್ಕದಲ್ಲಿ ಆ ರಾತ್ರಿಯೂ ಸೇರಬೇಕೆಂದು ಇಂದು ಬಹಿರಂಗವಾಗಿ ಹೇಳುತ್ತಿದ್ದೇನೆ.

ಈಗ ನಮ್ಮ ಹಡಗಿನ ಮಾತು. ಮಹಾರಾಷ್ಟ್ರದಲ್ಲಿ ಕನ್ನಡ ಮಾಧ್ಯಮದ ಶಾಲೆಯೆಂದರೆ ಗಾಳಿಗೆ ಎದುರಾಗಿ ನಡೆಯುವ ಹಡಗೆಂದು ನಿಮಗೆಲ್ಲ ತಿಳಿದಿದೆ. ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಪಟದ ಮೇಲೆ ಹೆಸರು ಹೆಚ್ಚಿಸಿರಿ, ಫಲಿತಾಂಶ ಏರಿಸಿರಿ, ಹೇಗಾದರೂ ತೋರಿಸಿರಿ ಎಂಬ ಅವಸರ ಎಲ್ಲ ಕಡೆಯಿಂದಲೂ ಬರುತ್ತದೆ. ಶಾಲೆಯನ್ನು ಉಳಿಸಬೇಕೆಂಬ ಪ್ರೀತಿಯಿಂದಲೇ ಅದು ಬರುತ್ತದೆ. ಅದಕ್ಕಾಗಿಯೇ ಅದನ್ನು ನಿರಾಕರಿಸುವುದು ಹೆಚ್ಚು ಕಷ್ಟ. ಆದರೆ ಓದಲು ಬಾರದ ಮಗುವನ್ನು ಓದು ಬರುತ್ತದೆಂದು ಬರೆದು ಮುಂದಿನ ತರಗತಿಗೆ ಕಳಿಸುವುದು, ಸರಕುಪಟ್ಟಿಯಲ್ಲಿ ಒಂದು ಬರೆದು ಹಡಗಿನಲ್ಲಿ ಇನ್ನೊಂದು ತುಂಬಿದಂತೆ. ದಫ್ತರದಲ್ಲಿ ಹಡಗು ತೇಲುತ್ತಿರುತ್ತದೆ, ಮುಳುಗುವುದು ಮಗು. ನನ್ನ ಸೇವೆಯಲ್ಲಿ ಉಳಿದಿರುವುದು ಕೆಲವೇ ವರ್ಷಗಳು. ಮುಂದೆ ಈ ಕುರ್ಚಿಯಲ್ಲಿ ಕೂಡುವವರಿಗೆ ನನ್ನದೊಂದೇ ಕೋರಿಕೆ: ‘ಈಗ ಬೇಡ’ ಎಂಬ ಮಾತನ್ನು ಅಗತ್ಯವಿದ್ದಾಗ ಹೇಳಿರಿ. ಆಡಳಿತ ಮಂಡಳಿಯ ಹಿರಿಯರಲ್ಲಿಯೂ ವಿನಂತಿ: ಹಾಗೆ ಹೇಳಿದವರ ಕತ್ತಿನ ಮೇಲೆ ಕತ್ತಿ ಇಡಬೇಡಿರಿ.

ಸೋಲಾಪುರ ಸೊನ್ನಲಿಗೆಯಾಗಿದ್ದ ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮೇಶ್ವರರು ಜನರನ್ನು ಕೂಡಿಸಿ ಕೆರೆ ಕಟ್ಟಿಸಿದರು. ಅವರೂ ನಾಯಕರೇ, ಅವರ ಮಾತಿಗೂ ಜನ ಬೆವರು ಸುರಿಸಿದರು. ಪೊತೋಸಿಯಲ್ಲಿ ಅಗೆದವರ ಬೆಳ್ಳಿ ಅವರ ಊರಿಗೆ ಉಳಿಯಲಿಲ್ಲ. ಸೊನ್ನಲಿಗೆಯಲ್ಲಿ ಅಗೆದವರ ಮಕ್ಕಳು ಅದೇ ಕೆರೆಯ ನೀರು ಕುಡಿದರು. ಎಂಟುನೂರು ವರ್ಷಗಳ ಮೇಲೂ ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ನಾವು ಆ ಕೆರೆಯ ದಂಡೆಗೇ ಹೋಗುತ್ತೇವೆ.

ಕೊನೆಯದಾಗಿ ಒಂದು ಸಂಗತಿ. ಈ ಸಮಾರಂಭದ ಸಿದ್ಧತೆಗಾಗಿ ನಮ್ಮ ಶಾಲೆಯ ಮೊದಲ ದಾಖಲಾತಿ ಪುಸ್ತಕವನ್ನು ಕಪಾಟಿನಿಂದ ತೆಗೆದೆವು. ರಟ್ಟು ಹರಿದಿದೆ, ಮಸಿ ಕಂದಿದೆ. ಅತೋಚಾದ ಪಟ್ಟಿಯಲ್ಲಿ ಪ್ರತಿ ಗಟ್ಟಿಯ ತೂಕವಿತ್ತು. ಅದನ್ನು ಅಗೆದವರ ಹೆಸರಿರಲಿಲ್ಲ. ನಮ್ಮ ಪುಸ್ತಕದಲ್ಲಿ ಯಾವ ಬೆಲೆಬಾಳುವ ವಸ್ತುವಿನ ಲೆಕ್ಕವೂ ಇಲ್ಲ. ಮಗುವಿನ ಹೆಸರು, ತಂದೆಯ ಹೆಸರು, ಊರು, ಉದ್ಯೋಗ: ನೇಕಾರ, ಒಕ್ಕಲಿಗ, ಕೂಲಿ. ಒಂದೊಂದು ಸಾಲಿಗೆ ಒಂದೊಂದು ಮಗು. ಅವರಲ್ಲಿ ಕೆಲವರ ಮೊಮ್ಮಕ್ಕಳು, ಮರಿಮಕ್ಕಳು ಈ ಸಭೆಯಲ್ಲಿ ಕುಳಿತಿದ್ದೀರಿ.

ಪ್ರಶ್ನೆ ಕೇಳಿದ ಹುಡುಗನೇ, ನೀನೂ ಇಲ್ಲಿಯೇ ಇದ್ದೀ. ನಾಯಕನಿಗೆ ಮೊದಲೇ ಗೊತ್ತಿತ್ತಪ್ಪಾ. ಬಹುಮಟ್ಟಿಗೆ ಯಾವಾಗಲೂ ಗೊತ್ತಿರುತ್ತದೆ. ಮುಂದೆ ನೀನು ಯಾವುದೇ ಹಡಗಿನ ಕಟ್ಟೆಯ ಮೇಲೆ ನಿಂತರೂ ನಿನ್ನ ಈ ಪ್ರಶ್ನೆಯನ್ನು ಮರೆಯಬೇಡ.